ಗ್ರೇಸ್ ಹಾಪರ್: ಯಂತ್ರಕ್ಕೆ ನುಡಿ ಕಲಿಸಿದ ಅಧ್ಯಾಪಿಕೆ

ಮನುಷ್ಯರ ಭಾಷೆಗೂ ಯಂತ್ರಗಳ ಭಾಷೆಗೂ ಒಂದು ದೊಡ್ಡ ವ್ಯತ್ಯಾಸವುಂಟು. ಹಳಗನ್ನಡವನ್ನು ಇಂದು ಯಾರೂ ಮನೆಯಲ್ಲಿ ಆಡುವುದಿಲ್ಲ. ಆದರೂ ಪಂಪನ ಕಾವ್ಯವನ್ನು ತೆರೆದು ಕುಳಿತವನಿಗೆ ಅದರಿಂದ ಅಪಾಯವೇನೂ ಇಲ್ಲ. ಅರ್ಥವಾಗದಿದ್ದರೆ ನಷ್ಟ ಓದುಗನದು, ಅಷ್ಟೆ. ಗಣಕಯಂತ್ರದ ಹಳೆಯ ಭಾಷೆಗಳ ಸಂಗತಿ ಹಾಗಲ್ಲ. ಅವುಗಳಲ್ಲಿ ಬರೆದ ಬರಹ ಕಪಾಟಿನಲ್ಲಿ ಸುಮ್ಮನೆ ಮಲಗಿರುವುದಿಲ್ಲ. ಅದು ಹಗಲಿರುಳು ಸಂಬಳವನ್ನು ಎಣಿಸುತ್ತಿರುತ್ತದೆ, ಸಾಲಕ್ಕೆ ಬಡ್ಡಿ ಹಾಕುತ್ತಿರುತ್ತದೆ, ಪಿಂಚಣಿ ಹಂಚುತ್ತಿರುತ್ತದೆ. ಭಾಷೆಯನ್ನು ಬಲ್ಲವರು ಒಬ್ಬೊಬ್ಬರಾಗಿ ಹೋದ ಮೇಲೂ ಕೆಲಸ ನಡೆದೇ ಇರುತ್ತದೆ. ಎಲ್ಲಿಯಾದರೂ ಗೋಡೆ ಬಿರುಕು ಬಿಟ್ಟರೆ ಮುಚ್ಚುವವರು ಮಾತ್ರ ಇರುವುದಿಲ್ಲ.

ಕಲಾ ವಿಭಾಗದ ವಿದ್ಯಾರ್ಥಿಯಾದ ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ನನ್ನ ಅಣ್ಣನಿಂದ. ನಮ್ಮ ಕಡೆಯ ಒಂದು ಸಹಕಾರ ಸಂಘದ ಲೆಕ್ಕಪತ್ರದ ಪ್ರೋಗ್ರಾಮನ್ನು ನೋಡಿಕೊಳ್ಳುವ ಕೆಲಸ ಅವನದು. ಯಾರೋ ಹಿಂದೆ ಬರೆದಿಟ್ಟು ಹೋದ ಆ ಪ್ರೋಗ್ರಾಂ ಪೈಥಾನ್ ಎಂಬ ಭಾಷೆಯ ಎರಡನೆಯ ಆವೃತ್ತಿಯಲ್ಲಿತ್ತು. ಸಂಘದ ಯಂತ್ರದಲ್ಲಿದ್ದ ಆಪರೇಟಿಂಗ್ ಸಿಸ್ಟಮ್ಮಿನ ಅವಧಿ ಮುಗಿಯಿತು; ಇನ್ನು ಮೇಲೆ ಅದಕ್ಕೆ ಭದ್ರತೆಯ ದುರಸ್ತಿ ಬರುವುದಿಲ್ಲ. ಹೊಸದನ್ನು ಹಾಕೋಣವೆಂದರೆ ಅದರಲ್ಲಿ ಹಳೆಯ ಪೈಥಾನ್ ಇಲ್ಲವೇ ಇಲ್ಲ. ಹಳೆಯದರಲ್ಲೇ ಉಳಿದರೆ ಬಾಗಿಲಿಗೆ ಅಗಳಿಯಿಲ್ಲ, ಹೊಸದಕ್ಕೆ ಹೋದರೆ ಮನೆಯಲ್ಲಿ ಒಲೆಯಿಲ್ಲ ಎಂಬಂತಾಯಿತು. ನೂರಾರು ರೈತರ ಠೇವಣಿ, ಬೆಳೆಸಾಲಗಳ ಲೆಕ್ಕ ಅದರಲ್ಲಿತ್ತು. ಅಣ್ಣ ರಾತ್ರಿ ಹೊತ್ತು ತಲೆಗೆ ಕೈಹಚ್ಚಿ ಕುಳಿತುದನ್ನು ನೋಡಿ, ಯಂತ್ರಕ್ಕೆ ಇಷ್ಟೊಂದು ಭಾಷೆಗಳನ್ನು ಕೊಟ್ಟವರು ಯಾರು, ಕೊಟ್ಟವರಿಗೆ ಅದನ್ನು ಕಾಪಾಡುವ ಹೊಣೆಯೂ ಇತ್ತೆ ಎಂದು ತಿಳಿಯುವ ಕುತೂಹಲ ನನಗುಂಟಾಯಿತು. ಹುಡುಕುತ್ತ ಹೋದಾಗ ಸಿಕ್ಕಿದ ಚರಿತ್ರೆಯೇ ಗ್ರೇಸ್ ಹಾಪರ್ ಎಂಬ ಮಹಿಳೆಯದು. ಅದನ್ನು ನನ್ನ ಸಹಪಾಠಿಗಳ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಗ್ರೇಸ್ ಬ್ರೂಸ್ಟರ್ ಮರ್ರೆ 1906ನೆಯ ಡಿಸೆಂಬರ್ 9ರಂದು ನ್ಯೂಯಾರ್ಕ್ ನಗರದಲ್ಲಿ ಹುಟ್ಟಿದರು. ಮೂವರು ಮಕ್ಕಳಲ್ಲಿ ಇವರೇ ಹಿರಿಯರು. ತಂದೆ ವಿಮಾ ವ್ಯವಹಾರದವರು. ತಾಯಿಯ ತಂದೆ ನಗರದಲ್ಲಿ ಎಂಜಿನಿಯರಾಗಿದ್ದರು. ಮುತ್ತಜ್ಜ ಒಬ್ಬರು ನೌಕಾಪಡೆಯಲ್ಲಿ ರಿಯರ್ ಅಡ್ಮಿರಲ್ ಪದವಿಯವರೆಗೆ ಏರಿದ್ದವರು. ಏಳು ವರ್ಷದ ಬಾಲಕಿಯಾಗಿದ್ದಾಗ ಗ್ರೇಸ್, ಅಲಾರಂ ಗಡಿಯಾರ ಹೇಗೆ ನಡೆಯುತ್ತದೆಂದು ನೋಡಲು ಒಂದನ್ನು ಬಿಚ್ಚಿದಳು. ಮತ್ತೆ ಜೋಡಿಸಲು ಬಾರದೆ, ಎರಡನೆಯದನ್ನು ನೋಡಿ ಕಲಿಯೋಣವೆಂದು ಅದನ್ನೂ ಬಿಚ್ಚಿದಳು. ಹೀಗೆ ಮನೆಯಲ್ಲಿದ್ದ ಏಳು ಗಡಿಯಾರಗಳೂ ಬಿಡಿಭಾಗಗಳಾದುವು. ತಾಯಿ ಬಯ್ಯುವ ಬದಲು, ಇನ್ನು ಮುಂದೆ ಒಂದೇ ಗಡಿಯಾರದಲ್ಲಿ ಆಡಿಕೊಳ್ಳಬಹುದೆಂದು ಅಪ್ಪಣೆ ಕೊಟ್ಟರಂತೆ. ತಂದೆ ಕಾಲುಗಳ ಶಸ್ತ್ರಚಿಕಿತ್ಸೆಗೆ ಒಳಗಾಗಿ ಕಷ್ಟಪಡುತ್ತಿದ್ದವರು. ಹೆಣ್ಣುಮಕ್ಕಳು ತಮ್ಮ ಕಾಲ ಮೇಲೆ ತಾವು ನಿಲ್ಲಬೇಕೆಂಬುದು ಅವರ ಹಟ. ಆದುದರಿಂದ ಮಗನಿಗೆ ಕೊಡಿಸಿದಷ್ಟೇ ವಿದ್ಯೆಯನ್ನು ಹೆಣ್ಣುಮಕ್ಕಳಿಗೂ ಕೊಡಿಸಿದರು.

ವ್ಯಾಸರ್ ಎಂಬ ಮಹಿಳಾ ಕಾಲೇಜಿಗೆ ಗ್ರೇಸ್ ಮೊದಲು ಅರ್ಜಿ ಹಾಕಿದಾಗ ಲ್ಯಾಟಿನ್ ಭಾಷೆಯಲ್ಲಿ ಅಂಕ ಸಾಲದೆ ಪ್ರವೇಶ ದೊರೆಯಲಿಲ್ಲ. ಮುಂದೆ ಗಣಕಯಂತ್ರಗಳ ಭಾಷೆಗೆ ದಾರಿ ಹಾಕಿದವರು ಒಮ್ಮೆ ಭಾಷೆಯ ಪರೀಕ್ಷೆಯಲ್ಲಿಯೇ ನಪಾಸಾದರೆಂಬುದು ನಮ್ಮಂಥವರಿಗೆ ಕೊಂಚ ಧೈರ್ಯ ಕೊಡುವ ಸಂಗತಿ. ಒಂದು ವರ್ಷ ಕಾದು, 1924ರಲ್ಲಿ ಅದೇ ಕಾಲೇಜಿಗೆ ಸೇರಿ, 1928ರಲ್ಲಿ ಗಣಿತ ಮತ್ತು ಭೌತಶಾಸ್ತ್ರಗಳಲ್ಲಿ ಪದವಿ ಪಡೆದರು. ಯೇಲ್ ವಿಶ್ವವಿದ್ಯಾನಿಲಯದಿಂದ 1930ರಲ್ಲಿ ಸ್ನಾತಕೋತ್ತರ ಪದವಿ, 1934ರಲ್ಲಿ ಗಣಿತದಲ್ಲಿ ಡಾಕ್ಟರೇಟ್ ಬಂದುವು. 1930ರಲ್ಲಿ ವಿನ್ಸೆಂಟ್ ಹಾಪರ್ ಎಂಬ ಸಾಹಿತ್ಯದ ಅಧ್ಯಾಪಕರನ್ನು ಮದುವೆಯಾದರು. 1931ರಿಂದ ವ್ಯಾಸರ್ ಕಾಲೇಜಿನಲ್ಲಿಯೇ ಗಣಿತವನ್ನು ಬೋಧಿಸತೊಡಗಿದರು.

ಅವರು ಪಾಠ ಹೇಳುತ್ತಿದ್ದ ಕ್ರಮವನ್ನು ಇಲ್ಲಿ ನೆನೆಯಬೇಕು. ಸಂಭವನೀಯತೆಯ ತರಗತಿಯಲ್ಲಿ ಒಂದು ಸೂತ್ರವನ್ನು ಬೋಧಿಸಿದ ಮೇಲೆ, ಅದನ್ನು ಕುರಿತು ಪ್ರಬಂಧ ಬರೆದು ತರಬೇಕೆಂದು ವಿದ್ಯಾರ್ಥಿನಿಯರಿಗೆ ಹೇಳುತ್ತಿದ್ದರು. ಬರಹ ಸ್ಪಷ್ಟವಾಗಿಲ್ಲದಿದ್ದರೆ ಕೆಂಪು ಶಾಯಿಯಿಂದ ತಿದ್ದುತ್ತಿದ್ದರು. ತಾವು ಸೇರಿದ್ದು ಗಣಿತದ ತರಗತಿಗೆ, ಇಂಗ್ಲಿಷಿನ ತರಗತಿಗಲ್ಲ ಎಂದು ವಿದ್ಯಾರ್ಥಿನಿಯರು ಗೊಣಗಿದರಂತೆ. ಇನ್ನೊಬ್ಬರಿಗೆ ತಿಳಿಯುವಂತೆ ಹೇಳಲಾಗದಿದ್ದರೆ ಗಣಿತ ಕಲಿತು ಪ್ರಯೋಜನವಿಲ್ಲವೆಂಬುದು ಅಧ್ಯಾಪಿಕೆಯ ನಿಲುವಾಗಿತ್ತು. ಈ ನಿಲುವೇ ಅವರ ಮುಂದಿನ ಬಾಳಿನ ಬೀಜವೆಂದು ನನ್ನ ಭಾವನೆ.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂತು. ಅಮೆರಿಕವೂ ಯುದ್ಧಕ್ಕೆ ಇಳಿಯಿತು. ನೌಕಾಪಡೆಗೆ ಸೇರಬೇಕೆಂಬ ಹಂಬಲ ಹಾಪರ್ ಅವರಿಗೆ ಹುಟ್ಟಿತು. ವಯಸ್ಸು ಹೆಚ್ಚಾಯಿತು, ತೂಕ ಕಡಿಮೆಯಾಯಿತು, ಗಣಿತದ ಅಧ್ಯಾಪಕಿಯಾಗಿಯೇ ದೇಶಸೇವೆ ಮಾಡಬಹುದು ಎಂದು ಅಡ್ಡಿಗಳು ಬಂದುವು. ಕನಿಷ್ಠ ತೂಕ 120 ಪೌಂಡು ಇರಬೇಕಾಗಿದ್ದಲ್ಲಿ ಇವರದು 15 ಪೌಂಡು ಕಡಿಮೆ. ವಿಶೇಷ ವಿನಾಯಿತಿ ಪಡೆದು 1943ರ ಕೊನೆಯಲ್ಲಿ ಮೀಸಲು ಪಡೆಗೆ ಸೇರಿದರು. ತರಬೇತಿಯಲ್ಲಿ ಮೊದಲಿಗರಾಗಿ ತೇರ್ಗಡೆಯಾಗಿ, 1944ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿದ್ದ ಗಣನಯೋಜನೆಗೆ ನೇಮಕಗೊಂಡರು.

ಅಲ್ಲಿ ಹೊವರ್ಡ್ ಐಕೆನ್ ಎಂಬುವರ ಕೈಕೆಳಗೆ ಮಾರ್ಕ್ ಒನ್ ಎಂಬ ಯಂತ್ರವಿತ್ತು. 51 ಅಡಿ ಉದ್ದ, 8 ಅಡಿ ಎತ್ತರ, ಸುಮಾರು 5 ಟನ್ನು ತೂಕ. ಒಂದು ಸೆಕೆಂಡಿಗೆ ಮೂರು ಕೂಡುವ ಲೆಕ್ಕಗಳನ್ನು ಮಾಡುತ್ತಿತ್ತು; ಒಂದು ಗುಣಾಕಾರಕ್ಕೆ ಆರು ಸೆಕೆಂಡು ಹಿಡಿಯುತ್ತಿತ್ತು. ಇಂದು ನಮ್ಮ ಜೇಬಿನಲ್ಲಿರುವ ಫೋನಿನ ಮುಂದೆ ಅದು ಏನೂ ಅಲ್ಲ; ಆದರೆ ಅಂದು ಅದೊಂದು ಅದ್ಭುತವಾಗಿತ್ತು. ಹಾಪರ್ ಅವರು ಆ ಯಂತ್ರಕ್ಕೆ ಆದೇಶಗಳನ್ನು ಬರೆಯುವುದನ್ನು ಕಲಿತರು. ಆದೇಶಗಳೆಂದರೆ ಕಾಗದದ ಪಟ್ಟಿಯಲ್ಲಿ ತೂತುಗಳು; ಒಂದು ತೂತು ತಪ್ಪಿದರೂ ಲೆಕ್ಕ ಕೆಟ್ಟಿತು. ಆ ಯಂತ್ರವನ್ನು ನಡೆಸುವ ವಿಧಾನವನ್ನು ತಿಳಿಸುವ 561 ಪುಟಗಳ ಕೈಪಿಡಿಯ ಬಹುಭಾಗವನ್ನು ಸಿದ್ಧಪಡಿಸಿದವರೂ ಇವರೇ. ಅದು 1946ರಲ್ಲಿ ಪ್ರಕಟವಾಯಿತು. ಪ್ರಬಂಧಗಳನ್ನು ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದ ಅಧ್ಯಾಪಿಕೆಗೆ ತಕ್ಕ ಕೆಲಸ.

1947ರ ಸೆಪ್ಟೆಂಬರ್ 9ರಂದು, ಮಾರ್ಕ್ ಟೂ ಎಂಬ ಮುಂದಿನ ಯಂತ್ರದ ಒಳಗೆ ಒಂದು ಪತಂಗ ಸಿಕ್ಕಿಕೊಂಡು ಸತ್ತು, ಕೆಲಸ ನಿಂತ ಕಥೆ ಪ್ರಸಿದ್ಧವಾದುದು. ಸಿಬ್ಬಂದಿ ಆ ಪತಂಗವನ್ನು ತೆಗೆದು ದಿನಚರಿ ಪುಸ್ತಕಕ್ಕೆ ಅಂಟಿಸಿದರು. ಆ ಪುಟ ಇಂದು ವಾಷಿಂಗ್‌ಟನ್ನಿನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹದಲ್ಲಿದೆ. ಯಂತ್ರದ ದೋಷವನ್ನು ಹುಳವೆಂದು ಕರೆಯುವ ವಾಡಿಕೆ ಅದಕ್ಕೂ ಹಿಂದಿನದು. ಹುಳವನ್ನು ಹಿಡಿದವರೂ ಹಾಪರ್ ಅಲ್ಲ. ಆದರೆ ಆ ಕಥೆಯನ್ನು ಸಾವಿರಾರು ಸಭೆಗಳಲ್ಲಿ ಸ್ವಾರಸ್ಯವಾಗಿ ಹೇಳಿ ಲೋಕಕ್ಕೆ ಹರಡಿದವರು ಅವರೇ.

ಯುದ್ಧ ಮುಗಿದ ಮೇಲಿನ ವರ್ಷಗಳು ಅವರಿಗೆ ಸುಖದವಾಗಿರಲಿಲ್ಲ. 1945ರಲ್ಲಿ ವಿವಾಹ ವಿಚ್ಛೇದನವಾಯಿತು. ಹಾರ್ವರ್ಡಿನಲ್ಲಿ ಹೆಂಗಸಿಗೆ ಖಾಯಂ ಸ್ಥಾನ ದೊರೆಯುವಂತಿರಲಿಲ್ಲ. ಕೆಲಸದ ಒತ್ತಡದಲ್ಲಿ ಮದ್ಯದ ಚಟಕ್ಕೂ ಒಳಗಾಗಿ ನೊಂದರೆಂದು ಅವರ ಜೀವನಚರಿತ್ರೆ ಬರೆದವರು ಮುಚ್ಚಿಡದೆ ಹೇಳಿದ್ದಾರೆ. ದೊಡ್ಡವರ ಬಾಳಿನಲ್ಲಿಯೂ ಇಂಥ ಕತ್ತಲೆಯ ಕಾಲವಿತ್ತೆಂಬುದನ್ನು ಬಿಟ್ಟು ಬರೆದರೆ ಚರಿತ್ರೆ ಪೂರ್ಣವಾಗದು.

1949ರಲ್ಲಿ ಹಾಪರ್ ಅವರು ಫಿಲಡೆಲ್ಫಿಯದ ಎಕರ್ಟ್-ಮಾಕ್ಲಿ ಕಂಪನಿಗೆ ಸೇರಿದರು. ಅಲ್ಲಿ ಯುನಿವ್ಯಾಕ್ ಎಂಬ ಗಣಕಯಂತ್ರ ಸಿದ್ಧವಾಗುತ್ತಿತ್ತು. ಮರುವರ್ಷ ರೆಮಿಂಗ್‌ಟನ್ ರ‍್ಯಾಂಡ್ ಕಂಪನಿ ಅದನ್ನು ಕೊಂಡುಕೊಂಡಿತು. ಅವರ ಹೆಸರು ಉಳಿಯುವಂತೆ ಮಾಡಿದ ಕೆಲಸ ನಡೆದದ್ದು ಇಲ್ಲಿಯೇ.

ಆ ಕಾಲದಲ್ಲಿ ಪ್ರೋಗ್ರಾಂ ಬರೆಯುವವರು ಪ್ರತಿ ಹೊಸ ಲೆಕ್ಕಕ್ಕೂ ಹಳೆಯ ಲೆಕ್ಕಗಳ ತುಣುಕುಗಳನ್ನು ತಮ್ಮ ನೋಟುಪುಸ್ತಕಗಳಿಂದ ಕೈಯಾರೆ ನಕಲು ಮಾಡುತ್ತಿದ್ದರು. ವರ್ಗಮೂಲ ಬೇಕಾದರೆ ಒಬ್ಬರ ಪುಸ್ತಕದಿಂದ, ಜ್ಯಾ ಬೇಕಾದರೆ ಇನ್ನೊಬ್ಬರ ಪುಸ್ತಕದಿಂದ. ಸ್ಥಳ ಬದಲಾದಂತೆ ಸಂಖ್ಯೆಗಳನ್ನೆಲ್ಲ ಕೂಡಿ ತಿದ್ದಬೇಕು. ಮನುಷ್ಯರು ನಕಲು ಮಾಡುವಾಗ ತಪ್ಪುತ್ತಾರೆ, ಕೂಡುವಾಗಲೂ ತಪ್ಪುತ್ತಾರೆ. ನಕಲು ಮಾಡುವುದಕ್ಕೂ ಕೂಡುವುದಕ್ಕೂ ತಾನೇ ಹುಟ್ಟಿರುವ ಯಂತ್ರ ಎದುರಿಗೆ ನಿಂತಿರುವಾಗ ಆ ಕೆಲಸವನ್ನೇಕೆ ಅದಕ್ಕೆ ಒಪ್ಪಿಸಬಾರದು? ಹೀಗೆ ಯೋಚಿಸಿ, ತುಣುಕುಗಳಿಗೆಲ್ಲ ಒಂದೊಂದು ಸಂಕೇತ ಕೊಟ್ಟು, ಸಂಕೇತಗಳ ಪಟ್ಟಿಯನ್ನು ನೋಡಿ ಯಂತ್ರವೇ ಪೂರ್ಣ ಪ್ರೋಗ್ರಾಮನ್ನು ಜೋಡಿಸಿಕೊಳ್ಳುವ ವ್ಯವಸ್ಥೆಯನ್ನು 1951-52ರಲ್ಲಿ ಅವರು ರಚಿಸಿದರು. ಅದಕ್ಕೆ ಎ-ಸೊನ್ನೆ ಎಂದು ಹೆಸರು. ಇಂಥ ಜೋಡಣೆಗಾರನಿಗೆ ಕಂಪೈಲರ್ ಎಂಬ ಹೆಸರನ್ನು ಬಳಕೆಗೆ ತಂದವರೂ ಅವರೇ. ಗಣಕಯಂತ್ರ ಲೆಕ್ಕ ಮಾಡಬಲ್ಲುದೇ ಹೊರತು ಪ್ರೋಗ್ರಾಂ ಬರೆಯಲಾರದೆಂದು ಹೇಳಿ ಬಹುಮಂದಿ ನಂಬಲಿಲ್ಲ.

ಅವರು ಅಲ್ಲಿಗೇ ನಿಲ್ಲಲಿಲ್ಲ. ವ್ಯಾಪಾರದ ಲೆಕ್ಕ ಬರೆಯುವವರು ಬೀಜಗಣಿತದ ಚಿಹ್ನೆಗಳನ್ನು ಇಷ್ಟಪಡುವುದಿಲ್ಲ. ಅವರಿಗೆ ಬೇಕಾದ್ದು ದಿನಬಳಕೆಯ ಮಾತು. ದಾಸ್ತಾನಿನಿಂದ ಮಾರಾಟವನ್ನು ಕಳೆ ಎಂದು ಬರೆದರೆ ಯಂತ್ರ ಕಳೆಯಬೇಕು. ಈ ಯೋಚನೆಯನ್ನು ಕಂಪನಿಯ ಮುಖ್ಯಸ್ಥರಿಗೆ ತೋರಿಸುವಾಗ, ಇಂಗ್ಲಿಷ್ ಮಾತುಗಳ ಒಂದು ಪ್ರೋಗ್ರಾಮಿನ ಜೊತೆಗೆ ಅದನ್ನೇ ಫ್ರೆಂಚಿನಲ್ಲಿಯೂ ಜರ್ಮನಿನಲ್ಲಿಯೂ ಬರೆದು ತೋರಿಸಿದರು. ಯಂತ್ರಕ್ಕೆ ಎಲ್ಲ ಭಾಷೆಯೂ ಒಂದೇ ಎಂಬುದು ಅವರ ತಾತ್ಪರ್ಯ. ಅಮೆರಿಕದಲ್ಲಿ ತಯಾರಾದ ಯಂತ್ರಕ್ಕೆ ಪರಭಾಷೆ ತಿಳಿಯುವುದೆಂದರೇನೆಂದು ಮುಖ್ಯಸ್ಥರು ಗಾಬರಿಯಾದರಂತೆ! ಅವರನ್ನು ಒಪ್ಪಿಸಲು ತಿಂಗಳುಗಳೇ ಬೇಕಾದುವು. ಕೊನೆಗೆ ಫ್ಲೋ-ಮ್ಯಾಟಿಕ್ ಎಂಬ ಭಾಷೆ ಇಂಗ್ಲಿಷ್ ಮಾತುಗಳಲ್ಲಿಯೇ ಬಳಕೆಗೆ ಬಂತು.

1959ರ ಹೊತ್ತಿಗೆ ಒಂದೊಂದು ಕಂಪನಿಯ ಯಂತ್ರಕ್ಕೆ ಒಂದೊಂದು ಭಾಷೆಯಾಗಿ, ಯಂತ್ರ ಬದಲಾಯಿಸಿದವರು ಎಲ್ಲವನ್ನೂ ಮತ್ತೆ ಬರೆಯಬೇಕಾದ ದುಃಸ್ಥಿತಿ ಉಂಟಾಗಿತ್ತು. ಆ ವರ್ಷದ ಮೇ ತಿಂಗಳಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಆಶ್ರಯದಲ್ಲಿ ಪೆಂಟಗನ್ನಿನಲ್ಲಿ ಸಭೆ ಸೇರಿ, ಎಲ್ಲ ಯಂತ್ರಗಳಿಗೂ ಸಲ್ಲುವ ಒಂದು ವ್ಯವಹಾರಭಾಷೆಯನ್ನು ರಚಿಸಲು ಸಮಿತಿಗಳಾದುವು. ಹೀಗೆ ಹುಟ್ಟಿದ್ದು ಕೋಬಾಲ್. ಇದನ್ನು ಹಾಪರ್ ಒಬ್ಬರೇ ರಚಿಸಿದರೆಂದು ಕೆಲವರು ಬರೆಯುವುದುಂಟು, ಅದು ಸರಿಯಲ್ಲ. ಜೀನ್ ಸ್ಯಾಮೆಟ್ ಮೊದಲಾದ ಸಮಿತಿಯ ಸದಸ್ಯರು ಹಗಲಿರುಳು ಕುಳಿತು ಅದರ ವಿವರಗಳನ್ನು ಬರೆದರು. ಹಾಪರ್ ಅವರು ಸಲಹೆಗಾರರಾಗಿದ್ದರು. ಅವರ ಫ್ಲೋ-ಮ್ಯಾಟಿಕ್ ಕೋಬಾಲಿಗೆ ಮುಖ್ಯ ಆಧಾರವಾಯಿತು.

1960ರ ಡಿಸೆಂಬರಿನಲ್ಲಿ ಒಂದು ಪರೀಕ್ಷೆ ನಡೆಯಿತು. ಬೇರೆ ಬೇರೆ ಕಂಪನಿಗಳ ಎರಡು ಯಂತ್ರಗಳಲ್ಲಿ, ಅಂದರೆ ಆರ್‌ಸಿಎ 501 ಮತ್ತು ಯುನಿವ್ಯಾಕ್ ಟೂ ಯಂತ್ರಗಳಲ್ಲಿ, ಒಂದೇ ಕೋಬಾಲ್ ಪ್ರೋಗ್ರಾಮನ್ನು ಅಲ್ಪಸ್ವಲ್ಪ ಬದಲಾವಣೆಯೊಡನೆ ನಡೆಸಿದರು. ಎರಡರಲ್ಲಿಯೂ ಒಂದೇ ಫಲಿತಾಂಶ ಬಂತು. ಒಂದೇ ಲೆಕ್ಕವನ್ನು ಎರಡು ಕಡೆ ನಡೆಸಿ ಉತ್ತರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಈ ಉಪಾಯವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಇಲ್ಲಿಂದ ಮುಂದಿನದು, ನನ್ನ ದೃಷ್ಟಿಯಲ್ಲಿ, ಅವರ ಬಾಳಿನ ಉತ್ತಮಭಾಗ. 1966ರ ಕೊನೆಗೆ, ಅರುವತ್ತು ತುಂಬಿದಾಗ, ನೌಕಾಪಡೆ ಅವರನ್ನು ಕಮಾಂಡರ್ ಪದವಿಯಲ್ಲಿ ನಿವೃತ್ತಿಗೊಳಿಸಿತು. ಏಳೆಂಟು ತಿಂಗಳಲ್ಲಿಯೇ, 1967ರ ಆಗಸ್ಟಿನಲ್ಲಿ, ಆರು ತಿಂಗಳ ಮಟ್ಟಿಗೆಂದು ಮತ್ತೆ ಕರೆಯಿತು. ಆ ಆರು ತಿಂಗಳು ಮುಗಿಯಲೇ ಇಲ್ಲ. 1971ರಲ್ಲಿ ಮತ್ತೆ ನಿವೃತ್ತಿ. 1972ರಲ್ಲಿ ಮತ್ತೆ ಕರೆ. ಕರೆದದ್ದು ಯಾತಕ್ಕೆ? ಹೊಸ ಭಾಷೆಯನ್ನು ಸೃಷ್ಟಿಸುವುದಕ್ಕಲ್ಲ. ಇದ್ದ ಭಾಷೆಯನ್ನು ಕಾಪಾಡುವುದಕ್ಕೆ. ಕೋಬಾಲ್ ಹುಟ್ಟಿ ಹತ್ತು ವರ್ಷ ಆಗುವಷ್ಟರಲ್ಲಿ ಒಂದೊಂದು ಕಂಪನಿಯವರೂ ತಮ್ಮ ತಮ್ಮ ಕೋಬಾಲನ್ನು ಮಾಡಿಕೊಂಡಿದ್ದರು. ಒಂದೇ ಮಾತಿಗೆ ಒಂದು ಯಂತ್ರದಲ್ಲಿ ಒಂದು ಅರ್ಥ, ಇನ್ನೊಂದರಲ್ಲಿ ಇನ್ನೊಂದು. ಹಾಪರ್ ಅವರ ತಂಡ ಪರೀಕ್ಷಾ ಪ್ರೋಗ್ರಾಮುಗಳ ಒಂದು ಮಾಲೆಯನ್ನೇ ಸಿದ್ಧಪಡಿಸಿತು. ಕಂಪೈಲರನ್ನು ಮಾರಲು ಬಂದವರು ತಮ್ಮದು ಪ್ರಮಾಣಬದ್ಧವೆಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಆ ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು. ಈ ಪದ್ಧತಿ ಮುಂದೆ ಅಮೆರಿಕದ ಸರ್ಕಾರಕ್ಕೆಲ್ಲ ವ್ಯಾಪಿಸಿತು. ಅಧ್ಯಾಪಿಕೆ ಮತ್ತೆ ಕೆಂಪು ಶಾಯಿಯನ್ನು ಕೈಗೆತ್ತಿಕೊಂಡರು. ಈ ಸಲ ವಿದ್ಯಾರ್ಥಿಗಳು ದೊಡ್ಡ ದೊಡ್ಡ ಕಂಪನಿಗಳಾಗಿದ್ದುವು.

ಹಳೆಯದನ್ನು ಕಾಪಾಡಿದವರೆಂದಾಕ್ಷಣ ಅವರನ್ನು ಸಂಪ್ರದಾಯಕ್ಕೆ ಅಂಟಿಕೊಂಡವರೆಂದು ತಿಳಿಯಬಾರದು. ಹಿಂದಿನಿಂದ ನಡೆದು ಬಂದಿದೆ ಎಂಬ ಕಾರಣವೊಂದನ್ನೇ ಮುಂದೊಡ್ಡುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಆ ಬುದ್ಧಿಯನ್ನು ಹಂಗಿಸಲೆಂದೇ ತಮ್ಮ ಕಚೇರಿಯ ಗೋಡೆಯಲ್ಲಿ ಹಿಂದುಮುಂದಾಗಿ ತಿರುಗುವ ಗಡಿಯಾರವನ್ನು ತೂಗುಹಾಕಿದ್ದರು. ಅದು ತಿರುಗುವ ದಿಕ್ಕು ವಿರುದ್ಧ, ಆದರೆ ತೋರಿಸುವ ಕಾಲ ಸರಿಯಾದುದು. ಉಪನ್ಯಾಸಕ್ಕೆ ಹೋದಲ್ಲೆಲ್ಲ ಒಂದು ಅಡಿಗೆ ಸ್ವಲ್ಪ ಕಡಿಮೆ ಉದ್ದದ ತಂತಿಯ ತುಂಡುಗಳನ್ನು ಹಂಚುತ್ತಿದ್ದರು. ವಿದ್ಯುತ್ ಸಂಕೇತ ಒಂದು ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗದಷ್ಟು ಕಾಲದಲ್ಲಿ ಅದಕ್ಕಿಂತ ದೂರ ಹೋಗಲಾರದೆಂದು, ಕಣ್ಣಿಗೆ ಕಾಣದ ಕಾಲವನ್ನು ಕೈಗೆ ಕೊಟ್ಟು ತೋರಿಸುತ್ತಿದ್ದರು.

1973ರಲ್ಲಿ ಕ್ಯಾಪ್ಟನ್, 1983ರಲ್ಲಿ ಕಮೊಡೋರ್, 1985ರಲ್ಲಿ ರಿಯರ್ ಅಡ್ಮಿರಲ್ ಆಗಿ, ಮುತ್ತಜ್ಜನ ಪದವಿಯನ್ನು ಮುಟ್ಟಿದರು. 1986ರ ಆಗಸ್ಟ್ 14ರಂದು ಬಾಸ್ಟನ್ ಬಂದರಿನಲ್ಲಿ, ಕಾನ್‌ಸ್ಟಿಟ್ಯೂಷನ್ ಎಂಬ ಹಡಗಿನ ಮೇಲೆ, ಕೊನೆಯ ಬಾರಿಗೆ ನಿವೃತ್ತರಾದರು. ಆಗ ವಯಸ್ಸು 79. ಸೇವೆಯಲ್ಲಿದ್ದ ಅಧಿಕಾರಿಗಳಲ್ಲೆಲ್ಲ ಹಿರಿಯರು. 1797ರಲ್ಲಿ ನೀರಿಗಿಳಿದ ಆ ಮರದ ಹಡಗೂ ಅಮೆರಿಕದ ನೌಕಾಪಡೆಯಲ್ಲಿ ಎಲ್ಲಕ್ಕಿಂತ ಹಳೆಯದು. ಕೊಳೆತ ಹಲಗೆಯನ್ನು ತೆಗೆದು ಹೊಸ ಹಲಗೆ ಕೂಡಿಸುತ್ತ ಬಂದುದರಿಂದಲೇ ಅದು ಇಂದಿಗೂ ತೇಲುತ್ತಿದೆ. ಆ ಸಮಾರಂಭಕ್ಕೆ ಅದಕ್ಕಿಂತ ಒಪ್ಪುವ ಸ್ಥಳ ಇನ್ನೊಂದಿರಲಾರದು. ಆಮೇಲೂ ಹಾಪರ್ ಸುಮ್ಮನೆ ಕೂಡದೆ, ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯಲ್ಲಿ ಸಲಹೆಗಾರರಾಗಿ ದುಡಿದರು. 1992ನೆಯ ಜನವರಿ 1ರಂದು, 85ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆರ್ಲಿಂಗ್‌ಟನ್ನಿನ ರಾಷ್ಟ್ರೀಯ ಸ್ಮಶಾನದಲ್ಲಿ ಅವರ ಸಮಾಧಿಯಿದೆ. 1997ರಲ್ಲಿ ಸೇವೆಗೆ ಸೇರಿದ ಒಂದು ಯುದ್ಧನೌಕೆಗೆ ಅವರ ಹೆಸರಿಟ್ಟರು. 2016ರಲ್ಲಿ ಅಮೆರಿಕದ ಅಧ್ಯಕ್ಷರ ಸ್ವಾತಂತ್ರ್ಯ ಪದಕ ಮರಣೋತ್ತರವಾಗಿ ಬಂತು.

ಅವರು ಹೋದರೂ ಕೋಬಾಲ್ ಹೋಗಲಿಲ್ಲ. ಹಳೆಯ ಯಂತ್ರಗಳಲ್ಲಿ ಸ್ಥಳ ಬಲು ತುಟ್ಟಿ. ಒಂದು ಕಾರ್ಡಿನಲ್ಲಿ ಇದ್ದದ್ದು 80 ಅಕ್ಷರಗಳಿಗೆ ಎಡೆ. ಆದುದರಿಂದ ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆಯುವ ರೂಢಿಯಾಯಿತು. ಬರೆದವರು ತಮ್ಮ ಪ್ರೋಗ್ರಾಂ 2000ನೆಯ ಇಸವಿಯವರೆಗೆ ಬಾಳುತ್ತದೆಂದು ಎಣಿಸಿರಲಿಲ್ಲ, ಅದು ಬಾಳಿತು. ಆಗ ಆ ಕೋಟ್ಯಂತರ ಸಾಲುಗಳನ್ನು ತಿದ್ದಿದವರಲ್ಲಿ ಬೆಂಗಳೂರಿನ ಕಂಪನಿಗಳ ತರುಣ ತರುಣಿಯರೂ ಇದ್ದರು. ನಮ್ಮ ನಾಡಿನ ಎಷ್ಟೋ ಮನೆಗಳಿಗೆ ಆ ಹಳೆಯ ಭಾಷೆ ಹೊಸ ಅನ್ನವನ್ನು ತಂದಿತು. ಮತ್ತೆ 2020ರ ಏಪ್ರಿಲಿನಲ್ಲಿ, ಕೊರೋನಾ ಹಾವಳಿಯಲ್ಲಿ ಕೆಲಸ ಕಳೆದುಕೊಂಡವರು ಭತ್ಯೆಗಾಗಿ ಒಮ್ಮೆಲೆ ಅರ್ಜಿ ಹಾಕಿದಾಗ, ಅಮೆರಿಕದ ನ್ಯೂಜೆರ್ಸಿ ರಾಜ್ಯದ ಹಳೆಯ ವ್ಯವಸ್ಥೆ ಅದನ್ನು ತಾಳಲಾರದೆ ಹೋಯಿತು. ಕೋಬಾಲ್ ಬಲ್ಲವರು ನೆರವಿಗೆ ಬರಬೇಕೆಂದು ರಾಜ್ಯಪಾಲರೇ ಬಹಿರಂಗವಾಗಿ ಬೇಡಿಕೊಂಡರು. ಭಾಷೆ ಚೆನ್ನಾಗಿಯೇ ಇತ್ತು. ಅದರ ಪ್ರಮಾಣಗ್ರಂಥ 2023ರಲ್ಲಿಯೂ ಪರಿಷ್ಕೃತವಾಗಿದೆ, ಐಬಿಎಂ ಕಂಪನಿ ಅದರ ಕಂಪೈಲರನ್ನು ನವೀಕರಿಸುತ್ತಲೇ ಬಂದಿದೆ. ಕಡಮೆಯಾದದ್ದು ಅದನ್ನು ಬಲ್ಲ ಜನ.

ಪೈಥಾನಿನ ಎರಡನೆಯ ಆವೃತ್ತಿಯ ಕಥೆ ಇದಕ್ಕೆ ತಿರುಗುಮುರುಗು. ಅಲ್ಲಿ ಬಲ್ಲವರಿಗೆ ಕೊರತೆಯಿರಲಿಲ್ಲ. ಭಾಷೆಯ ಪಾಲಕರೇ ಕೈಬಿಟ್ಟರು. ಮೂರನೆಯ ಆವೃತ್ತಿಯನ್ನು 2008ರಲ್ಲಿ ಹೊರತಂದು, ಎರಡನೆಯದನ್ನು 2015ರವರೆಗೆ ನೋಡಿಕೊಳ್ಳುವುದಾಗಿ ಹೇಳಿದ್ದರು. ಜನ ಬದಲಾಗದ್ದರಿಂದ ಅವಧಿಯನ್ನು 2020ರ ಜನವರಿ 1ಕ್ಕೆ ಮುಂದೂಡಿದರು. ಆ ವರ್ಷದ ಏಪ್ರಿಲಿನಲ್ಲಿ ಕೊನೆಯ ಕಂತನ್ನು ಕೊಟ್ಟು ಕೈತೊಳೆದುಕೊಂಡರು. ಅವರನ್ನು ದೂರುವಂತಿಲ್ಲ, ಎರಡು ಮನೆಗಳನ್ನು ಎಷ್ಟು ಕಾಲ ನಡೆಸಲಾದೀತು?

ಆಮೇಲೆ ಭಾರ ಆಪರೇಟಿಂಗ್ ಸಿಸ್ಟಮ್ ಹಂಚುವವರ ಮೇಲೆ ಬಿತ್ತು. ಯಾವ ಭಾಷೆಯಲ್ಲಿಯೂ ಆಗಾಗ ಹೊಸ ಬಿರುಕುಗಳು ಕಂಡುಬರುತ್ತವೆ. ಕಳ್ಳರು ಅದರ ಮೂಲಕ ಒಳನುಗ್ಗಬಹುದು. ಪಾಲಕರು ತೇಪೆ ಕೊಡುವುದು ಹೊಸ ಆವೃತ್ತಿಗೆ ಮಾತ್ರ. ಆ ಬಿರುಕು ಹಳೆಯದರಲ್ಲಿಯೂ ಇದೆಯೇ ಎಂದು ನೋಡಿ, ಹೊಸದರ ತೇಪೆಯನ್ನು ಹಳೆಯದರ ಅಳತೆಗೆ ಕತ್ತರಿಸಿ ಹೊಲಿಯುವ ಕೆಲಸವನ್ನು ಬೇರೆ ಯಾರಾದರೂ ಮಾಡಬೇಕು. ರೆಡ್ ಹ್ಯಾಟ್ ಕಂಪನಿ ತನ್ನ ಲಿನಕ್ಸಿನ ಎಂಟನೆಯ ಆವೃತ್ತಿಯಲ್ಲಿ ಪೈಥಾನ್ 2.7ಕ್ಕೆ 2024ರ ಜೂನ್‌ವರೆಗೆ ಈ ಆಸರೆಯನ್ನು ಕೊಟ್ಟಿತು. ಸ್ವಯಂಸೇವಕರು ನಡೆಸುವ ಡೆಬಿಯನ್, 2023ರ ತನ್ನ ಹನ್ನೆರಡನೆಯ ಆವೃತ್ತಿಯಿಂದ ಅದನ್ನು ತೆಗೆದೇ ಹಾಕಿತು. ಎರಡೂ ಪ್ರಾಮಾಣಿಕವಾದ ದಾರಿಗಳೇ. ಕಾಪಾಡುವುದಾದರೆ ದಿನ ಗೊತ್ತುಮಾಡಿ ಕಾಪಾಡಬೇಕು, ಆಗದಿದ್ದರೆ ತೆಗೆದುಹಾಕಿ ಸ್ಪಷ್ಟವಾಗಿ ತಿಳಿಸಬೇಕು. ಪೆಟ್ಟಿಗೆಯಲ್ಲಿ ಇಟ್ಟು ದುರಸ್ತಿ ಮಾತ್ರ ಮಾಡದೆ ಬಿಡುವುದೇ ಕೆಟ್ಟದ್ದು. ಏಕೆಂದರೆ ಬಳಸುವವನು ಅದು ಇನ್ನೂ ಭದ್ರವಾಗಿದೆಯೆಂದು ನಂಬಿ ಬಳಸುತ್ತಾನೆ.

ಇಷ್ಟೆಲ್ಲ ಓದಿ ತಿಳಿದ ಮೇಲೆ ಒಂದು ರಾತ್ರಿ ಅಣ್ಣನಿಗೆ 1960ರ ಡಿಸೆಂಬರಿನ ಪರೀಕ್ಷೆಯ ಕಥೆಯನ್ನು ಹೇಳಿದೆ. ಅವನು ನಕ್ಕು, ತಾನು ಮಾಡಬೇಕೆಂದಿದ್ದುದೂ ಅದನ್ನೇ ಎಂದ. ಮೊದಲು ಹಳೆಯ ಯಂತ್ರವನ್ನು ಇಂಟರ್ನೆಟ್ಟಿನಿಂದ ಬಿಡಿಸಿ ಒಂಟಿಯಾಗಿ ಇರಿಸಿದ. ಬಿಡುವಿನ ರಾತ್ರಿಗಳಲ್ಲಿ ಪ್ರೋಗ್ರಾಮನ್ನು ಹೊಸ ಪೈಥಾನಿಗೆ ತಿರುಗಿಸಿದ. ಆಮೇಲೆ ಹಿಂದಿನ ವರ್ಷದ ಲೆಕ್ಕವನ್ನು ಎರಡರಲ್ಲಿಯೂ ನಡೆಸಿ, ಕಾಗದಗಳನ್ನು ಪಕ್ಕಪಕ್ಕದಲ್ಲಿ ಹರಡಿ, ನಾನು ಓದುತ್ತ ಹೋದೆ, ಅವನು ಗುರುತು ಹಾಕುತ್ತ ಹೋದ. ಬಡ್ಡಿಯ ಕಲಮಿನಲ್ಲಿ ಉತ್ತರಗಳು ಕೂಡಲಿಲ್ಲ. 18,500 ರೂಪಾಯಿಗೆ ಶೇಕಡಾ 7ರಂತೆ 100 ದಿನಗಳ ಬಡ್ಡಿ ಹಳೆಯದರಲ್ಲಿ 354 ರೂಪಾಯಿ. ಹೊಸದರಲ್ಲಿ 354 ರೂಪಾಯಿ 79 ಪೈಸೆ. ಹಳೆಯ ಪೈಥಾನ್ ಪೂರ್ಣಸಂಖ್ಯೆಯನ್ನು ಪೂರ್ಣಸಂಖ್ಯೆಯಿಂದ ಭಾಗಿಸಿದರೆ ಉಳಿದ ಭಾಗವನ್ನು ಬಿಟ್ಟುಬಿಡುತ್ತದೆ, ಹೊಸದು ಬಿಡುವುದಿಲ್ಲ. ಪೈಸೆಯನ್ನು ಬಿಡುವುದು ಆ ಸಂಘದ ಹಿಂದಿನಿಂದಲೂ ಬಂದ ರೂಢಿ. ಪ್ರೋಗ್ರಾಂ ಬರೆದವರು ಅದನ್ನು ಎಲ್ಲಿಯೂ ಬರೆದಿಟ್ಟಿರಲಿಲ್ಲ. ಭಾಷೆಯ ಸ್ವಭಾವವೇ ಅದನ್ನು ನಡೆಸಿಕೊಂಡು ಬಂದಿತ್ತು. ಒಂದೊಂದು ಖಾತೆಗೆ ಪೈಸೆಗಳು ಮಾತ್ರ; ಆದರೆ ಎಲ್ಲ ಖಾತೆಗಳೂ ಸೇರಿದರೆ ವರ್ಷದ ಕೊನೆಗೆ ಪುಸ್ತಕ ಸರಿಹೋಗುವುದಿಲ್ಲ. ಅಣ್ಣ ಕಾರ್ಯದರ್ಶಿಗಳನ್ನು ಕೇಳಿ, ಪೈಸೆ ಬಿಡುವ ನಿಯಮವನ್ನು ಪ್ರೋಗ್ರಾಮಿನಲ್ಲಿ ಸ್ಪಷ್ಟವಾದ ಮಾತಿನಲ್ಲಿ ಬರೆದ. ಪಕ್ಕದಲ್ಲಿ ಕಾರಣವನ್ನೂ ಕನ್ನಡದಲ್ಲಿ ಬರೆದಿಟ್ಟ. ಮುಂದೆ ಅವನ ಜಾಗಕ್ಕೆ ಬರುವವರು ಅದನ್ನು ಓದಿಕೊಳ್ಳಬಹುದು.

ಹಾಪರ್ ಅವರನ್ನು ಹೊಸದನ್ನು ಕಂಡುಹಿಡಿದವರೆಂದು ಲೋಕ ಹೊಗಳುತ್ತದೆ, ಅದು ನ್ಯಾಯವೇ. ಆದರೆ ಅರುವತ್ತು ದಾಟಿದ ಮೇಲೆ ಹತ್ತೊಂಬತ್ತು ವರ್ಷ ಅವರು ಮಾಡಿದ ಕೆಲಸವನ್ನು ನೋಡಿದರೆ, ಕಂಡುಹಿಡಿದದ್ದನ್ನು ಜನರ ಕೈಗೆ ಕೊಟ್ಟ ಮೇಲೆ ಅದರ ಯೋಗಕ್ಷೇಮವೂ ನಮ್ಮದೇ ಎಂಬ ಹೊಣೆಯನ್ನು ಅವರು ಮರೆಯಲಿಲ್ಲವೆಂದು ತಿಳಿಯುತ್ತದೆ. ನಮ್ಮಲ್ಲಿ ಅನೇಕರು ನಾಳೆ ಕಚೇರಿಗಳಲ್ಲಿ, ಶಾಲೆಗಳಲ್ಲಿ, ಸಂಘಗಳಲ್ಲಿ ಯಾರೋ ಬಿಟ್ಟುಹೋದ ಕೆಲಸವನ್ನು ಮುಂದುವರಿಸಬೇಕಾದವರು. ಆಗ ಹಳೆಯದನ್ನು ಕಣ್ಣು ಮುಚ್ಚಿ ನಂಬದೆ, ಕಣ್ಣು ಮುಚ್ಚಿ ಎಸೆಯದೆ, ಒಂದು ರಾತ್ರಿ ಕುಳಿತು ಎರಡು ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟು ಓದುವ ತಾಳ್ಮೆ ನಮಗೆ ಬಂದರೆ, ಈ ಅಧ್ಯಾಪಿಕೆಯ ಪಾಠ ನಮ್ಮ ಕಾಲೇಜಿಗೂ ಮುಟ್ಟಿದಂತಾಗುತ್ತದೆ.